ಮೀನೂಟಕ್ಕೆ ಖಾನಾವಳಿ ಹೇಗೆ ಆರಿಸುತ್ತೀರಿ? ನಮ್ಮ ರೂಢಿ, ಮಾಲೀಕರ ತೀರ್ಮಾನ

ಕಾಳಿಹೊಳೆ, ಕಾರವಾರ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಮನೆಯವರು ಕಾರವಾರದಲ್ಲಿ ಸಣ್ಣದೊಂದು ಖಾನಾವಳಿ ನಡೆಸುತ್ತೇವೆ. ಮಧ್ಯಾಹ್ನದ ಮೀನೂಟವೇ ನಮ್ಮ ಮುಖ್ಯ ವ್ಯಾಪಾರ. ಆಹಾರ ಸುರಕ್ಷತೆಯ ತರಬೇತಿಗೆ ಹೋಗಿ ಬಂದ ಮೇಲೆ ಈ ವಿಷಯ ಓದುವುದು ಜಾಸ್ತಿಯಾಗಿದೆ. ಓದಿದಷ್ಟೂ ಒಂದು ಪ್ರಶ್ನೆ ಕಾಡುತ್ತಿದೆ. ಊಟ ಮಾಡುವವರು ಏನನ್ನು ನೋಡಿ ಖಾನಾವಳಿ ಆರಿಸುತ್ತಾರೆ? ಅವರನ್ನು ನೋಡಿ ನಾವು ಮಾಲೀಕರು ಏನು ತೀರ್ಮಾನ ಮಾಡುತ್ತೇವೆ?

ನಮ್ಮಲ್ಲಿ ಬರುವವರು ಕೇಳುವುದು ಇಷ್ಟೇ. ಇವತ್ತು ಯಾವ ಮೀನು, ತಾಜಾ ಇದೆಯಾ, ರೇಟ್ ಎಷ್ಟು. ಆ ಮೀನು ಬೆಳಿಗ್ಗೆಯಿಂದ ಎಲ್ಲಿತ್ತು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ಬಂಗಡೆಯನ್ನೇ ತೆಗೆದುಕೊಳ್ಳಿ. ಬಂಗಡೆ, ತಾರ್ಲೆ, ಟ್ಯೂನಾ ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ. ಮೀನು ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಒಮ್ಮೆ ಹಿಸ್ಟಮಿನ್ ಆಯ್ತು ಅಂದ್ರೆ ಅದನ್ನು ತೆಗೆಯಲು ಆಗುವುದಿಲ್ಲ. ಕುದಿಸಿದರೂ, ಕಾವಲಿ ಮೇಲೆ ಹುರಿದರೂ, ಫ್ರೀಜರಿನಲ್ಲಿ ಇಟ್ಟರೂ ಅದು ಹಾಗೇ ಇರುತ್ತದೆ. ಕೆಟ್ಟ ವಾಸನೆ ಬರದೆಯೂ ಇರಬಹುದು. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ನಾಲಿಗೆ ಉರಿಯುತ್ತದೆ, ತಲೆ ಸಿಡಿಯುತ್ತದೆ. "ನನಗೆ ಬಂಗಡೆ ಆಗಿಬರುವುದಿಲ್ಲ" ಅನ್ನುವವರಲ್ಲಿ ಕೆಲವರಿಗಾದರೂ ಆಗಿದ್ದು ಇದೇ ಇರಬಹುದು. ತಡೆಯುವ ದಾರಿ ಒಂದೇ. ಹಿಡಿದ ಹೊತ್ತಿನಿಂದ ಕಾವಲಿಗೆ ಬೀಳುವವರೆಗೂ ಮೀನು 4 ಡಿಗ್ರಿ ಆಸುಪಾಸಿನ ತಂಪಿನಲ್ಲಿ ಇರಬೇಕು. ನಮ್ಮ ದೇಶದ ನಿಯಮದಲ್ಲೂ ಇಂಥ ಮೀನಿಗೆ ಹಿಸ್ಟಮಿನ್ ಮಿತಿ ಇದೆ. ಕಿಲೋಗೆ 200 ಮಿಲಿಗ್ರಾಂ ದಾಟುವ ಹಾಗೇ ಇಲ್ಲ.

ಈಗ ಗಲ್ಲಾಪೆಟ್ಟಿಗೆಯ ಕಡೆಯಿಂದ ನೋಡಿ. ಮಧ್ಯಾಹ್ನ ಎರಡೂವರೆಗೆ ಮೀನು ಮುಗಿಯುತ್ತಾ ಬರುತ್ತದೆ. ಜನ ಮೂರೂವರೆವರೆಗೂ ಬರುತ್ತಾರೆ. ಯಾರಿಗೂ ಇಲ್ಲ ಅನ್ನಬಾರದು ಅಂದ್ರೆ ಬೆಳಿಗ್ಗೆಯೇ ಜಾಸ್ತಿ ಕೊಳ್ಳಬೇಕು. ಜಾಸ್ತಿ ಕೊಂಡರೆ ಉಳಿಯುತ್ತದೆ. ಉಳಿದದ್ದಕ್ಕೆ ಮಸಾಲೆ ಹಚ್ಚಿ ರಾತ್ರಿಗೆ ಇಡಬೇಕು, ಇಲ್ಲವೇ ಎಸೆಯಬೇಕು. ಎಸೆದರೆ ಅವತ್ತಿನ ಲಾಭ ಹೋಯಿತು. ಹಾಗಾಗಿ ರಾತ್ರಿಯ ಅಪಾಯ ಶುರುವಾಗುವುದು ಬೆಳಿಗ್ಗೆ ಎಷ್ಟು ಕೊಳ್ಳುತ್ತೇವೆ ಅನ್ನುವಲ್ಲೇ. ನಾವು ಕಡಿಮೆ ಕೊಳ್ಳುತ್ತೇವೆ. ಮುಗಿದ ಕೂಡಲೇ "ಮೀನು ಖಾಲಿ" ಅಂತ ಬೋರ್ಡ್ ಹಾಕುತ್ತೇವೆ. ಕೆಲವರಿಗೆ ಸಿಟ್ಟು ಬರುತ್ತದೆ. "ಹೋಟೆಲ್ ಇಟ್ಟುಕೊಂಡು ಇಲ್ಲ ಅಂದ್ರೆ ಹೇಗೆ" ಅಂತ ಕೇಳಿ ಬೇರೆ ಕಡೆ ಹೋಗುತ್ತಾರೆ.

ನನ್ನ ಮಾತು ಇಷ್ಟೇ. ಇಲ್ಲ ಅಂದ ಖಾನಾವಳಿಗೆ ಮರುದಿನವೂ ಬರುವ ಗಿರಾಕಿ ಇದ್ದರೆ ಮಾತ್ರ ಮಾಲೀಕರಿಗೆ ಸರಿಯಾದ ತೀರ್ಮಾನ ಮಾಡುವ ಧೈರ್ಯ ಬರುತ್ತದೆ. ನೀವೇನಂತೀರಿ?

ಹೆದ್ದಾರಿ 66, ಅಂಕೋಲಾ

ಅಕ್ಕಾ, ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಗಿರಾಕಿಯ ಮೇಲೆ ಇಷ್ಟು ಹೊರೆ ಹಾಕಿದರೆ ಕಷ್ಟ. ನನ್ನದು ತಿರುಗಾಟದ ಕೆಲಸ. ಭಟ್ಕಳದಿಂದ ಮಾಜಾಳಿವರೆಗೆ ಎಲ್ಲಿ ಹಸಿವಾಯಿತೋ ಅಲ್ಲೇ ಊಟ. ಅಡುಗೆಮನೆಗೆ ಹೋಗಿ ನೋಡಲು ನನಗೆ ಆಗುತ್ತದಾ? ನನಗಿರುವ ಲೆಕ್ಕ ಒಂದೇ, ರಶ್ ಎಲ್ಲಿದೆ ಅಂತ. ರಶ್ ಇದ್ದಲ್ಲಿ ಮೀನು ಬೇಗ ಖರ್ಚಾಗುತ್ತದೆ, ಹಳೆಯದು ಉಳಿಯುವುದಿಲ್ಲ. ಇದು ತಪ್ಪು ಲೆಕ್ಕ ಅಲ್ಲ ಅಲ್ವಾ?

ಇನ್ನೊಂದು ಮಾತು. ಲಾರಿ ಓಡಿಸುವವರು, ಗಾರೆ ಕೆಲಸದವರು ಊಟಕ್ಕೆ ಬರುವುದೇ ಮೂರು ಗಂಟೆಗೆ. ಅವರಿಗೆ ಖಾಲಿ ಬೋರ್ಡ್ ತೋರಿಸಿದರೆ ಅವರು ಏನು ತಿನ್ನಬೇಕು?

ಬೈತಖೋಲ

ನಮ್ಮ ಮನೆಯಲ್ಲಿ ಅಮ್ಮ, ಚಿಕ್ಕಮ್ಮ ಇಬ್ಬರೂ ಮೀನು ಮಾರುವವರು. ನಾನು ಡಿಗ್ರಿ ಓದುತ್ತಾ ರಜೆಯಲ್ಲಿ ಅವರ ಜೊತೆ ಕೂರುತ್ತೇನೆ. ಕಾಳಿಹೊಳೆ ಅಕ್ಕ ಹೇಳಿದ ತಂಪಿನ ವಿಷಯದಲ್ಲಿ ಗಿರಾಕಿಗಳು ಏನು ಮಾಡುತ್ತಾರೆ ಅಂತ ನಾನು ಹೇಳಲೇಬೇಕು.

ಮಾರ್ಕೆಟ್ಟಿನಲ್ಲಿ ಐಸ್ ಮೇಲೆ ಇಟ್ಟ ಮೀನು ನೋಡಿದರೆ ಜನ ಮೂಗು ಮುರಿಯುತ್ತಾರೆ. "ಇದು ಐಸಿನ ಮೀನು, ಹಳೇದು" ಅಂತ ಮುಂದೆ ಹೋಗುತ್ತಾರೆ. ಐಸ್ ಇಲ್ಲದೆ ಬುಟ್ಟಿಯಲ್ಲಿ ಬಿಸಿಲಿಗೆ ಒಡ್ಡಿದ ಮೀನು "ಈಗಷ್ಟೇ ದೋಣಿಯಿಂದ ಬಂದದ್ದು" ಅಂತ ಅವರಿಗೆ ಕಾಣುತ್ತದೆ. ಹಾಗಾಗಿ ಮಾರುವವರು ಏನು ಮಾಡುತ್ತಾರೆ? ಐಸನ್ನು ಕೆಳಗೆ ಮುಚ್ಚಿಡುತ್ತಾರೆ. ಮೇಲೆ ಹರಡಿದ ಮೀನಿಗೆ ಬರೀ ನೀರು ಚಿಮುಕಿಸುತ್ತಾರೆ. ಒಳ್ಳೆಯ ಮೀನೂ ಎರಡು ಮೂರು ಗಂಟೆಯಲ್ಲಿ ಸೋತು ಹೋಗುತ್ತದೆ. ಅಮ್ಮನಿಗೆ ಇದು ಚೆನ್ನಾಗಿ ಗೊತ್ತು. ಆದರೆ ಮೇಲೆ ಐಸ್ ಹಾಕಿದ ದಿನ ಅವಳ ಬುಟ್ಟಿಯ ಹತ್ತಿರ ಜನ ನಿಲ್ಲುವುದಿಲ್ಲ.

ಬೋಟಿನಲ್ಲೂ ಹಾಗೆಯೇ. ನಮ್ಮ ಸೆಕೆಗೆ ಮೀನು ಎಷ್ಟೋ ಐಸ್ ಅಷ್ಟೇ ಬೇಕು. ಐಸ್ ಕರಗಿದ ನೀರು ಹೊರಗೆ ಹೋಗಬೇಕು. ಮೀನು ಆ ಕೊಳೆ ನೀರಿನಲ್ಲಿ ತೇಲಬಾರದು. ಇದಕ್ಕೆಲ್ಲ ದುಡ್ಡು ಬೇಕು. ಐಸ್ ಹಾಕಿದ ಮೀನಿಗೂ ಹಾಕದ ಮೀನಿಗೂ ಹರಾಜಿನಲ್ಲಿ ಒಂದೇ ರೇಟ್ ಸಿಕ್ಕರೆ ಯಾರು ಖರ್ಚು ಮಾಡುತ್ತಾರೆ ಹೇಳಿ.

ಜನರಿಗೆ ಇರುವ ಹೆದರಿಕೆ ಫಾರ್ಮಾಲಿನ್‌ದು, ಅಂದ್ರೆ ಮೀನು ಕೆಡದ ಹಾಗೆ ಹಾಕುವ ರಾಸಾಯನಿಕದ್ದು. 2018ರಲ್ಲಿ ಕೇರಳದಲ್ಲಿ, ಆಮೇಲೆ ಗೋವಾದಲ್ಲಿ ಆ ಗಲಾಟೆ ಎದ್ದಿತು. ಹೊರಗಿನ ಮೀನು ಒಳಗೆ ಬರದಂತೆ ಗೋವಾ ತಡೆಯಿತು. ಅದೇ ವರ್ಷ ಮುಂದೆ ಇನ್ಸುಲೇಟೆಡ್ ಗಾಡಿ ಬೇಕು, ನೋಂದಣಿ ಬೇಕು ಅಂತ ನಿಯಮ ತಂದಿತು. ಇಲ್ಲಿಂದ ಗೋವಾಕ್ಕೆ ಮೀನು ಕಳಿಸಿ ಬದುಕುತ್ತಿದ್ದವರಿಗೆ ದೊಡ್ಡ ಪೆಟ್ಟು ಬಿತ್ತು. ಫಾರ್ಮಾಲಿನ್ ಕೆಟ್ಟದ್ದೇ. ಅದರಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದು ಗಟ್ಟಿಯಾದ ವಿಷಯ. ಅದನ್ನು ಬೇಗ ಪತ್ತೆ ಮಾಡುವ ಕಿಟ್ಟನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮಾಡಿದೆ. ಆದರೆ ದಿನಾ ಐಸ್ ಕಡಿಮೆಯಾಗುವುದಕ್ಕೆ ಯಾರೂ ಹೆದರುವುದೇ ಇಲ್ಲ. ಅದೇ ನನಗೆ ಬೇಸರ.

ಮಳೆಗಾಲದ ಮಾತನ್ನೂ ಸೇರಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗಲೂ ಹೋಟೆಲುಗಳಲ್ಲಿ ಇಸ್ವಾಣ, ಪಾಪ್ಲೆಟ್ ಕೇಳುವವರು ಇದ್ದೇ ಇರುತ್ತಾರೆ. ಆ ಮೀನು ಪೂರ್ವ ಕರಾವಳಿಯಿಂದಲೋ ಎಲ್ಲಿಂದಲೋ ಎರಡು ಮೂರು ದಿನ ಲಾರಿಯಲ್ಲಿ ಬಂದಿರುತ್ತದೆ. ಆ ಎರಡು ತಿಂಗಳು ಒಣಮೀನು, ಮೊಟ್ಟೆ, ಹೊಳೆಯ ಮೀನು ತಿಂದರೆ ಏನಾಗುತ್ತದೆ?

ಲ್ಯಾಬ್ ಮೇಷ್ಟ್ರು, ಕುಮಟಾ

ನಾನು ಸೂಕ್ಷ್ಮಜೀವಿ ಶಾಸ್ತ್ರ ಕಲಿಸುವವನು. ಬೈತಖೋಲದ ತಂಗಿಯ ಮಾತು ಓದಿ ಖುಷಿಯಾಯಿತು. ಐಸ್ ಬಗ್ಗೆ ಅವಳು ಹೇಳಿದ್ದಕ್ಕಿಂತ ಚೆನ್ನಾಗಿ ತರಗತಿಯಲ್ಲಿ ನಾನೂ ಹೇಳಲಾರೆ.

ತಿನ್ನುವವರ ರೂಢಿಯ ಮೇಲೆ ಪ್ರಪಂಚದಲ್ಲಿ ಬಹಳ ಸಂಶೋಧನೆ ನಡೆದಿದೆ. ಅದರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ ಒಂದಿದೆ. ಜನ ಬಾಯಲ್ಲಿ ಹೇಳುವುದೂ ಕೈಯಲ್ಲಿ ಮಾಡುವುದೂ ಬೇರೆ ಬೇರೆ. ಕಾರ್ಡಿಫ್‌ನ ಎಲಿಜಬೆತ್ ರೆಡ್ಮಂಡ್ ಮತ್ತು ಕ್ರಿಸ್ಟೋಫರ್ ಗ್ರಿಫಿತ್ 2003ರಲ್ಲಿ ಮನೆ ಅಡುಗೆಯ ಕುರಿತ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪ್ರಶ್ನೆ ಪತ್ರಿಕೆಯಲ್ಲಿ "ಕೈ ತೊಳೆಯುತ್ತೇನೆ" ಅಂದವರು ಅಡುಗೆಮನೆಯಲ್ಲಿ ಅಷ್ಟು ತೊಳೆಯುತ್ತಿರಲಿಲ್ಲ. 2018ರಲ್ಲಿ ಅಮೆರಿಕದ ಕೃಷಿ ಇಲಾಖೆ ಕ್ಯಾಮೆರಾ ಇಟ್ಟು ನೋಡಿತು. ಕೈ ತೊಳೆಯಬೇಕಾದ ಹೊತ್ತಿನಲ್ಲಿ 97% ಸಲ ಸರಿಯಾಗಿ ತೊಳೆದಿರಲಿಲ್ಲ. ಹಸಿ ಮಾಂಸ ಮುಟ್ಟಿದ ಕೈಯಲ್ಲೇ ಮಸಾಲೆ ಡಬ್ಬಿ ಮುಟ್ಟುತ್ತಿದ್ದರು. ಸುಮಾರು ಅರ್ಧದಷ್ಟು ಕಡೆ ಆ ಡಬ್ಬಿಗಳಿಗೂ ಸೋಂಕು ದಾಟಿತ್ತು.

ಇದರ ಹಿಂದೆ ಇನ್ನೊಂದು ರೂಢಿ ಇದೆ. ಕೆಟ್ಟದ್ದು ಬೇರೆಯವರಿಗೆ ಆಗುತ್ತದೆ, ನನಗಲ್ಲ ಅಂತ ನಂಬುವುದು. ನೀಲ್ ವೈನ್‌ಸ್ಟೈನ್ ಅನ್ನುವ ಮನಶ್ಶಾಸ್ತ್ರಜ್ಞ 1980ರಲ್ಲೇ ಇದನ್ನು ತೋರಿಸಿದರು. ಊಟದ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ನಮ್ಮ ಮನೆ ಊಟ ಸುರಕ್ಷಿತ, ನಮ್ಮ ಊರಿನ ಖಾನಾವಳಿ ಸುರಕ್ಷಿತ, ದೂರದ ಊರಿನ ಮೀನಿನಲ್ಲಿ ಮಾತ್ರ ವಿಷ ಅಂತ ನಂಬುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಅಂದಾಜಿನಲ್ಲಿ ಕೆಟ್ಟ ಆಹಾರದಿಂದ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4 ಲಕ್ಷ 20 ಸಾವಿರ ಜನ ಸಾಯುತ್ತಾರೆ. ಅಷ್ಟೂ ಜನ ಬೇರೆಯವರೇ ಆಗಿರಲು ಸಾಧ್ಯವಿಲ್ಲ ಅಲ್ವಾ?

ಹೆದ್ದಾರಿಯವರೇ, ನಿಮ್ಮ ರಶ್ ಲೆಕ್ಕ ಅರ್ಧ ಸರಿ. ಮೀನು ಬೇಗ ಖರ್ಚಾಗುತ್ತದೆ, ನಿಜ. ಆದರೆ ರಶ್ಶಿನಲ್ಲಿ ಕೈ ತೊಳೆಯಲು ಪುರುಸೊತ್ತು ಇರುವುದಿಲ್ಲ. ಹಸಿ ಮೀನು ಕೊಯ್ದ ಮಣೆಯ ಮೇಲೇ ಈರುಳ್ಳಿ ಹೆಚ್ಚುತ್ತಾರೆ. ಉಪ್ಪುನೀರಿನಲ್ಲಿ ಸಹಜವಾಗಿ ಇರುವ ವಿಬ್ರಿಯೋ ಪ್ಯಾರಾಹೀಮೋಲಿಟಿಕಸ್ ಅನ್ನುವ ಬ್ಯಾಕ್ಟೀರಿಯಾ ಬೇಯಿಸಿದರೆ ಸಾಯುತ್ತದೆ. ಆದರೆ ಮಣೆಯಿಂದ ಹಸಿ ಈರುಳ್ಳಿಗೆ ದಾಟಿದರೆ ಯಾರು ಬೇಯಿಸುತ್ತಾರೆ?

ಹೆದ್ದಾರಿ 66, ಅಂಕೋಲಾ

ಮೇಷ್ಟ್ರೇ, ಈರುಳ್ಳಿಯ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಹಾಗಾದರೆ ಸರ್ಕಾರವೇ ಬಾಗಿಲಲ್ಲಿ ನಂಬರ್ ಬರೆದು ಅಂಟಿಸಲಿ. ಇಷ್ಟು ಶುಚಿ ಇದೆ ಅಂತ. ನೋಡಿ ಒಳಗೆ ಹೋಗುತ್ತೇವೆ.

ಲ್ಯಾಬ್ ಮೇಷ್ಟ್ರು, ಕುಮಟಾ

ಆ ಪ್ರಯೋಗ ಆಗಿದೆ. 1998ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಹೋಟೆಲ್ ಬಾಗಿಲಿಗೆ ಎ, ಬಿ, ಸಿ ಅಂತ ಕಾರ್ಡ್ ಹಾಕಿಸಿದರು. ಜಿನ್ ಮತ್ತು ಲೆಸ್ಲಿ ಅನ್ನುವ ಅರ್ಥಶಾಸ್ತ್ರಜ್ಞರು 2003ರಲ್ಲಿ ಅದರ ಫಲ ಲೆಕ್ಕ ಹಾಕಿದರು. ಹೋಟೆಲುಗಳ ಅಂಕ ಏರಿದೆ, ಆಹಾರದಿಂದ ಕಾಯಿಲೆ ಬಿದ್ದು ಆಸ್ಪತ್ರೆ ಸೇರುವವರು ಸುಮಾರು 20% ಇಳಿದಿದ್ದಾರೆ ಅಂದರು. ಬಹಳ ಕಡೆ ಇದನ್ನೇ ಉದಾಹರಣೆ ಕೊಟ್ಟರು. ಆದರೆ 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೇನಿಯಲ್ ಹೋ ಮತ್ತು ಸಂಗಡಿಗರು ಮತ್ತೆ ಲೆಕ್ಕ ತೆಗೆದರು. ಕಾರ್ಡಿಗೂ ಮೊದಲು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಹಾವಳಿ ಇತ್ತು. ಅದು ತಾನಾಗಿ ಇಳಿದದ್ದನ್ನೇ ಕಾರ್ಡಿನ ಫಲ ಅಂತ ಎಣಿಸಿದ್ದಾರೆ ಅಂತ ತೋರಿಸಿದರು.

ನಮ್ಮಲ್ಲೂ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಹೈಜೀನ್ ರೇಟಿಂಗ್ ಇದೆ, ಐದು ನಗುಮುಖದವರೆಗೆ ಕೊಡುತ್ತಾರೆ. ಇರಲಿ, ಒಳ್ಳೆಯದೇ. ಆದರೆ ತಪಾಸಣೆಗೆ ಬಂದವರು ನೋಡುವುದು ಒಂದು ದಿನ. ಉಳಿದ ದಿನಗಳ ಅಡುಗೆಮನೆ ಮಾಲೀಕರ ಕೈಯಲ್ಲೇ ಇರುತ್ತದೆ. ಆಹಾರದ ಅಂತರರಾಷ್ಟ್ರೀಯ ಮಾನದಂಡ ಮಾಡುವ ಕೋಡೆಕ್ಸ್ ಕೂಡ 2020ರಲ್ಲಿ ತನ್ನ ಶುಚಿತ್ವದ ನಿಯಮ ತಿದ್ದಿದಾಗ ಮಾಲೀಕರ ಬದ್ಧತೆಯನ್ನು ಅದರಲ್ಲಿ ಸೇರಿಸಿತು. ಕಾಳಿಹೊಳೆ ಅಕ್ಕ ಎತ್ತಿದ ವಿಷಯ ಅಲ್ಲಿಗೇ ಬರುತ್ತದೆ.

ಮಲೆನಾಡ ಪಾಕ, ಶಿರಸಿ

ಮೀನಿನ ಮಾತಿನ ನಡುವೆ ಸಸ್ಯಾಹಾರದವರು ನಿಶ್ಚಿಂತೆಯಿಂದ ಕೂತಿರಬೇಡಿ. ನಾನು ಮದುವೆ, ಉಪನಯನ, ಗೃಹಪ್ರವೇಶದ ಅಡುಗೆಗೆ ಹೋಗುವವನು. ನಮ್ಮ ಘಟ್ಟದ ಮೇಲಿನ ಜನರಲ್ಲಿ ಒಂದು ನಂಬಿಕೆ ಇದೆ. ತರಕಾರಿ ಊಟದಿಂದ ಹೊಟ್ಟೆ ಕೆಡುವುದಿಲ್ಲ ಅಂತ. ನನಗೆ ಅತೀ ಹೆದರಿಕೆ ಇರುವುದು ಅನ್ನದ ಕೊಪ್ಪರಿಗೆಯದು.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕ ಇರುತ್ತವೆ, ಅನ್ನ ಬೆಂದರೂ ಅವು ಸಾಯುವುದಿಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಅನ್ನ ಉಗುರು ಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಹೋಗದು. ಬಂಗಡೆಯ ಹಿಸ್ಟಮಿನ್ ಕಥೆಯೇ ಇಲ್ಲೂ. ಸಾಂಬಾರು, ಹುಳಿ ಕೂಡ ಹಾಗೆ. ಒಲೆಯಿಂದ ಇಳಿಸಿದ ದೊಡ್ಡ ಪಾತ್ರೆ ನಡುವಿನಲ್ಲಿ ಬೆಳಗಿನವರೆಗೂ ಬೆಚ್ಚಗೇ ಇರುತ್ತದೆ. ತಣಿಸುವುದಕ್ಕೆ ಒಂದು ಲೆಕ್ಕ ಇದೆ. ಎರಡು ಗಂಟೆಯೊಳಗೆ 21 ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಯಬೇಕು. ಮದುವೆ ಮನೆಯಲ್ಲಿ ಅದು ಆಗುವ ಮಾತಲ್ಲ. ಆದ್ದರಿಂದ ನಾನು ಅನ್ನವನ್ನು ಪಂಕ್ತಿ ಪಂಕ್ತಿಗೆ ಬೇರೆ ಬೇರೆ ಇಳಿಸುತ್ತೇನೆ. ಒಮ್ಮೆಲೇ ಬೇಯಿಸಿಡುವುದಿಲ್ಲ. ಸೌದೆ ಜಾಸ್ತಿ, ಆಳು ಜಾಸ್ತಿ. ಮನೆಯವರು ಲೆಕ್ಕ ಕೇಳುತ್ತಾರೆ, ನಾನು ಹೇಳುತ್ತೇನೆ.

ತಂಬುಳಿ, ಅಪ್ಪೆಹುಳಿಯ ಅಪಾಯ ನೀರಿನಲ್ಲಿದೆ. ಸೊಪ್ಪು ಬೆಂದಿರಬಹುದು, ಆದರೆ ಕಾಯಿ ಬೀಸಿದ ಮೇಲೆ ಹಾಕುವ ನೀರು ಹಸಿಯದೇ. ಮಳೆಗಾಲದಲ್ಲಿ ಬಾವಿ ಕದಡಿದಾಗ ಆ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ಮಜ್ಜಿಗೆಗೂ ಅಷ್ಟೇ. ಹಸಿ ಕಾಯಿ ಬೀಸಿದ್ದು ಬೇಸಿಗೆಯಲ್ಲಿ ಬಹಳ ಬೇಗ ಹಳಸುತ್ತದೆ. ಕರಾವಳಿಯವರು ಕಾಯಿಹಾಲಿನಲ್ಲಿ ಮಾಡುವ ಸೋಲ್‌ಕಡಿಗೂ ಈ ಮಾತು ಸೇರುತ್ತದೆ ಅಂದುಕೊಂಡಿದ್ದೇನೆ.

ದೊಡ್ಡ ತಲೆನೋವು ಬರುವುದು ಊಟ ಮುಗಿದ ಮೇಲೆ. ಉಳಿದ ಪಾಯಸ, ಅನ್ನ, ಪಲ್ಯ ಸಂಜೆ ನೆಂಟರಿಗೆ ಕಟ್ಟಿಕೊಡಿ ಅನ್ನುತ್ತಾರೆ. ಅನ್ನ ಎಸೆಯುವುದು ಪಾಪ ಅಂತ ನಾವು ಬೆಳೆದು ಬಂದಿದ್ದೇವೆ. ನನಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಈಗ ಒಪ್ಪಿಕೊಳ್ಳುವ ಮೊದಲೇ ಮನೆಯ ಯಜಮಾನರ ಹತ್ತಿರ ಮಾತಾಡುತ್ತೇನೆ. ಎಲೆ ಎಷ್ಟು, ಖಂಡಿತ ಬರುವವರು ಎಷ್ಟು, ಉಳಿದರೆ ಎಷ್ಟು ಹೊತ್ತಿನೊಳಗೆ ಯಾರಿಗೆ ಕೊಡಬೇಕು ಅಂತ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಶಿರಸಿಗೆ ಬರುವ ಜನರನ್ನು ನೀವು ನೋಡಿದ್ದೀರಿ. ಅಷ್ಟು ಜನ ಉಣ್ಣುವ ಊರಿನಲ್ಲಿ ಈ ಮಾತು ಒಲೆ ಹೊತ್ತಿಸುವ ಮೊದಲೇ ಆಗಬೇಕು.

ಶರಾವತಿ ದಂಡೆ, ಹೊನ್ನಾವರ

ಎಲ್ಲರೂ ತಿಳಿದವರೇ. ಆದರೂ ಕೇಳುತ್ತೇನೆ. ನಮ್ಮ ಅಜ್ಜಿ ರಾತ್ರಿ ಅನ್ನಕ್ಕೆ ನೀರು ಹಾಕಿ ಬೆಳಿಗ್ಗೆ ತಂಗಳು ಉಣ್ಣುತ್ತಿದ್ದರು. ಫ್ರಿಜ್ ಇರಲಿಲ್ಲ, ಥರ್ಮಾಮೀಟರ್ ಇರಲಿಲ್ಲ. ಗಟ್ಟಿಮುಟ್ಟಾಗಿ ಬದುಕಿದರು. ಈಗ ಎಲ್ಲದಕ್ಕೂ ಹೆದರುವುದು ಸ್ವಲ್ಪ ಜಾಸ್ತಿಯಾಯಿತು ಅನಿಸುವುದಿಲ್ವಾ ಮಾರಾಯ್ರೆ?

ಲ್ಯಾಬ್ ಮೇಷ್ಟ್ರು, ಕುಮಟಾ

ನಿಮ್ಮ ಅಜ್ಜಿಗೆ ನಿಯಮ ಗೊತ್ತಿತ್ತು. ನೀರು ಹಾಕಿಟ್ಟ ಅನ್ನ ಹುಳಿಯಾಗುತ್ತದೆ. ಆ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ. ಅದು ಸರಿಯಾಗಿ ಹುಳಿಯಾಗದಿದ್ದರೆ, ವಾಸನೆ ಬೇರೆ ಬಂದರೆ ಅವರು ದನಕ್ಕೆ ಹಾಕುತ್ತಿದ್ದರು. ಮೀನು ಉಳಿದರೆ ಉಪ್ಪು ಹಾಕಿ ಬಿಸಿಲಿಗೆ ಒಣಗಿಸುತ್ತಿದ್ದರು. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು. ಉಳಿದ ಎಲ್ಲ ಅಡುಗೆ ಆ ಹೊತ್ತಿಗೆ ಬೇಕಾದಷ್ಟೇ. ಆ ಕಟ್ಟುಪಾಡು ಬಿಟ್ಟು, ನಿನ್ನೆಯ ಅನ್ನವನ್ನು ಇವತ್ತು ಸಂಜೆ ಫ್ರೈಡ್ ರೈಸ್ ಮಾಡುವುದನ್ನು ಅಜ್ಜಿಯ ಲೆಕ್ಕಕ್ಕೆ ಸೇರಿಸಬೇಡಿ. ಆ ಕಾಲದಲ್ಲಿ ವಾಂತಿಭೇದಿಯಿಂದ ಸತ್ತ ಮಕ್ಕಳೂ ಬಹಳ. ಬದುಕಿ ಉಳಿದವರ ನೆನಪು ಮಾತ್ರ ನಮಗೆ ಬಂದಿದೆ.

ತದಡಿ

ಬಳಚು, ಅಂದ್ರೆ ಹೊಳೆಯ ಚಿಪ್ಪಿನ ಜೀವಿಯ ಬಗ್ಗೆ ಯಾರೂ ಹೇಳಲಿಲ್ಲ. ಅಘನಾಶಿನಿ ಅಳಿವೆಯ ಬಳಚು ತಿನ್ನದ ಮನೆ ನಮ್ಮ ಕಡೆ ಇಲ್ಲ. ಈ ಅಳಿವೆ 2024ರಲ್ಲಿ ಪ್ರಪಂಚದ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಬಳಚು ನೀರನ್ನು ಸೋಸಿ ತಿನ್ನುವ ಜೀವಿ. ಹೊಳೆಗೆ ಏನು ಬಿಟ್ಟರೂ ಅದರ ಹೊಟ್ಟೆಗೇ ಹೋಗುತ್ತದೆ. ಅಂದ್ರೆ ಹೊಳೆ ದಂಡೆಯ ಪಾಯಿಖಾನೆ, ರೆಸಾರ್ಟಿನ ಕೊಳಚೆ ಎಲ್ಲವೂ ನಮ್ಮ ತಟ್ಟೆಯ ವಿಷಯವೇ. ಮನೆಯಲ್ಲಿ ಕುದಿಸುವಾಗ ಬಾಯಿ ತೆರೆಯದ ಚಿಪ್ಪನ್ನು ಎಸೆಯಿರಿ, ಬಲವಂತದಿಂದ ತೆರೆಯಬೇಡಿ. ಸಮುದ್ರದ ನೀರಿಗೆ ಬಣ್ಣ ಬಂದ ದಿನಗಳಲ್ಲಿ ತಿನ್ನಲೇಬೇಡಿ. ಕೆಲವು ಪಾಚಿಯ ವಿಷ ಚಿಪ್ಪಿನಲ್ಲಿ ಸೇರಿದರೆ ಕುದಿಸಿದರೂ ಹೋಗುವುದಿಲ್ಲ. 1983ರಲ್ಲಿ ಮಂಗಳೂರು ಕಡೆ ಹಾಗೆ ಆಗಿದ್ದು ದಾಖಲಾಗಿದೆ.

ಓಂ ಬೀಚ್ ದಾರಿ, ಗೋಕರ್ಣ

ನಾನು ಒಂದು ರೆಸ್ಟೋರೆಂಟಿನ ಮ್ಯಾನೇಜರ್. ಮಾಲೀಕರು ಬೇರೆ ಊರಿನಲ್ಲಿ ಇರುತ್ತಾರೆ. ಕಾಳಿಹೊಳೆ ಅಕ್ಕ ಹೇಳಿದ ತೀರ್ಮಾನಗಳ ಭಾರ ನನಗೆ ದಿನಾ ಗೊತ್ತಾಗುತ್ತದೆ.

ಮೊದಲನೆಯದು ಮೆನು. ಪ್ರವಾಸಿಗಳಿಗೆ ಪುಟಗಟ್ಟಲೆ ಮೆನು ಬೇಕು ಅಂತ ನಾವು ನಂಬಿದ್ದೆವು. ದಕ್ಷಿಣ, ಉತ್ತರ, ಚೈನೀಸ್, ಇಟಾಲಿಯನ್, ಇಸ್ರೇಲಿ ಎಲ್ಲವೂ ಇತ್ತು. ಅಷ್ಟೂ ಕೊಡಬೇಕು ಅಂದ್ರೆ ಫ್ರೀಜರಿನಲ್ಲಿ ಅಷ್ಟೂ ಬಗೆಯ ಸಾಮಾನು ಇರಬೇಕು. ದಿನಕ್ಕೆ ಒಂದೋ ಎರಡೋ ಹೋಗುವ ತಿನಿಸಿನ ಸಾಮಾನು ವಾರಗಟ್ಟಲೆ ಕೂರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಕರಗುತ್ತದೆ, ಬಂದರೆ ಮತ್ತೆ ಗಟ್ಟಿಯಾಗುತ್ತದೆ. ಮೆನು ಅರ್ಧಕ್ಕಿಂತ ಕಡಿಮೆ ಮಾಡಿ ಅಂತ ಮಾಲೀಕರ ಹಿಂದೆ ಬಿದ್ದು ಒಪ್ಪಿಸಿದೆ. ವ್ಯಾಪಾರ ಬಿದ್ದಿಲ್ಲ. ಎಸೆಯುವ ಸಾಮಾನು ಕಡಿಮೆಯಾಗಿದೆ.

ಎರಡನೆಯದು ಆಳುಗಳದ್ದು. ಅಡುಗೆಯವನಿಗೆ ಭೇದಿ ಶುರುವಾದರೆ ಅವನು ಹೇಳುವುದಿಲ್ಲ. ಹೇಳಿದರೆ ಅವತ್ತಿನ ಸಂಬಳ ಹೋಗುತ್ತದೆ. ಹೀಗಿರುವಾಗ ಗೋಡೆಗೆ ಎಷ್ಟು ಪೋಸ್ಟರ್ ಅಂಟಿಸಿದರೂ ಪ್ರಯೋಜನ ಇಲ್ಲ. ಹೊಟ್ಟೆ ಕೆಟ್ಟ ದಿನ ರಜೆ, ಸಂಬಳ ಕಡಿತ ಇಲ್ಲ ಅಂತ ನಿಯಮ ಮಾಡಿದ ಮೇಲೆ ಹುಡುಗರು ತಾವಾಗಿಯೇ ಬಂದು ಹೇಳುತ್ತಾರೆ. ನಾವು ಮಾಡಿದ ಕೆಲಸಗಳಲ್ಲಿ ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ.

ಬಣ್ಣದ ವಿಷಯಕ್ಕೆ ಬರುತ್ತೇನೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಹೊರಡಿಸಿತು. ಪರೀಕ್ಷೆಗೆ ಕಳಿಸಿದ 171 ಗೋಬಿ ಮಾದರಿಗಳಲ್ಲಿ 107 ಸುರಕ್ಷಿತವಾಗಿರಲಿಲ್ಲ. ಜೂನ್‌ನಲ್ಲಿ ಕೋಳಿ, ಮೀನು ಕಬಾಬಿಗೂ ನಿಷೇಧ ಬಂತು. ತಪ್ಪಿದರೆ ಜೈಲು, 10 ಲಕ್ಷದವರೆಗೆ ದಂಡ. ಕಾನೂನು ಬಂತು, ಆದರೆ ಗಿರಾಕಿಯ ಕಣ್ಣು ಬದಲಾಗಿಲ್ಲ. ಕಬಾಬು ಕೆಂಪಗಿಲ್ಲದಿದ್ದರೆ "ಮಸಾಲೆ ಕಡಿಮೆ" ಅಂತಾರೆ. ಬ್ಯಾಡಗಿ ಮೆಣಸು ಕೊಡುವ ಬಣ್ಣ ಎಷ್ಟೋ ಅಷ್ಟೇ ಸಾಕು ಅಂತ ನಾವು ಗಟ್ಟಿಯಾಗಿ ನಿಂತಿದ್ದೇವೆ.

ತರಬೇತಿಯಲ್ಲಿ ಹೇಳಿದ ಒಂದು ಘಟನೆ ನನಗೆ ಮರೆಯುವುದಿಲ್ಲ. 1993ರಲ್ಲಿ ಅಮೆರಿಕದಲ್ಲಿ ಜ್ಯಾಕ್ ಇನ್ ದ ಬಾಕ್ಸ್ ಅನ್ನುವ ಬರ್ಗರ್ ಹೋಟೆಲುಗಳಿಂದ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಹರಡಿತು. 700ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು, 4 ಮಕ್ಕಳು ತೀರಿಕೊಂಡರು. ವಾಷಿಂಗ್ಟನ್ ರಾಜ್ಯದ ನಿಯಮದ ಪ್ರಕಾರ ಮಾಂಸ ಸುಮಾರು 68 ಡಿಗ್ರಿಗೆ ಬೇಯಬೇಕಿತ್ತು. ಅಲ್ಲಿ ಬೇಯಿಸುತ್ತಿದ್ದದ್ದು 60 ಡಿಗ್ರಿಗೆ. ಎಷ್ಟು ಬೇಯಿಸಬೇಕು ಅನ್ನುವುದು ಒಲೆಯ ಮುಂದೆ ನಿಂತ ಹುಡುಗ ಮಾಡಿದ ತೀರ್ಮಾನ ಅಲ್ಲ. ಅದು ಕಂಪನಿ ಮಾಡಿದ್ದು. ನಮ್ಮ ಹುಡುಗರ ಕೈಗೆ ಥರ್ಮಾಮೀಟರ್ ಕೊಟ್ಟದ್ದು ಆಮೇಲೆ. ದೊಡ್ಡ ಖರ್ಚೇನಲ್ಲ, ಸಣ್ಣ ಖಾನಾವಳಿಯವರೂ ಇಟ್ಟುಕೊಳ್ಳಬಹುದು.

ಹೆದ್ದಾರಿ 66, ಅಂಕೋಲಾ

ಕರಿದ ಎಣ್ಣೆಯ ಬಗ್ಗೆ ಒಂದು ಮಾತು ಹೇಳಿ. ಸಂಜೆ ಬಜ್ಜಿ ಅಂಗಡಿಯಲ್ಲಿ ಎಣ್ಣೆ ಕಪ್ಪಗಿರುತ್ತದೆ. ಆದರೂ ತಿನ್ನುತ್ತೇವೆ.

ಓಂ ಬೀಚ್ ದಾರಿ, ಗೋಕರ್ಣ

ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಪೋಲಾರ್ ಕಾಂಪೌಂಡ್ ಅನ್ನುವ ಕೆಟ್ಟ ಅಂಶ ಹೆಚ್ಚುತ್ತದೆ. 2018ರ ಜುಲೈ 1ರಿಂದ ಅದಕ್ಕೆ 25% ಮಿತಿ ಇದೆ. ದಾಟಿದರೆ ಆ ಎಣ್ಣೆ ಅಡುಗೆಗೆ ಬಳಸುವ ಹಾಗಿಲ್ಲ. ಅದನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವವರಿಗೆ ಕೊಡುವ ವ್ಯವಸ್ಥೆಯನ್ನೂ ಎಫ್‌ಎಸ್‌ಎಸ್‌ಎಐ ಮಾಡಿದೆ. ನೋಡುವವರಿಗೆ ಗುರುತು ಸುಲಭ. ಎಣ್ಣೆ ಕಪ್ಪಗೆ ಮಂದವಾಗಿದ್ದು ನೊರೆ ಏಳುತ್ತಿದ್ದರೆ, ಹೊಗೆ ಬೇಗ ಬರುತ್ತಿದ್ದರೆ ಬೇಡ ಅನ್ನಿ. ಬಜ್ಜಿಯನ್ನು ಪೇಪರಿನಲ್ಲಿ ಕಟ್ಟಿಕೊಡುವುದೂ ಬೇಡ. ಮಸಿ ಎಣ್ಣೆಗೆ ಇಳಿಯುತ್ತದೆ. ನಮ್ಮೂರಿನಲ್ಲಿ ಬಾಳೆಲೆಗೆ ಬರವೇ?

ಕಾಳಿಹೊಳೆ, ಕಾರವಾರ

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಹೆದ್ದಾರಿ ಅಣ್ಣ ಮೂರು ಗಂಟೆಗೆ ಬರುವ ಕೆಲಸಗಾರರ ಮಾತು ಎತ್ತಿದ್ದರು. ಅದು ನಿಜವಾದ ಪ್ರಶ್ನೆ. ನಾವು ಮೀನು ಖಾಲಿ ಅನ್ನುತ್ತೇವೆ, ಊಟ ಖಾಲಿ ಅನ್ನುವುದಿಲ್ಲ. ಅನ್ನಕ್ಕೆ ಆಗಲೇ ಹೊಸದಾಗಿ ಅಕ್ಕಿ ಹಾಕಿರುತ್ತೇವೆ. ಮೊಟ್ಟೆ ಆಗಲೇ ಮಾಡಿಕೊಡುತ್ತೇವೆ, ಒಣ ಶೆಟ್ಲಿಯ (ಸೀಗಡಿಯ) ಚಟ್ನಿ ಇರುತ್ತದೆ, ಬೇಳೆ ಸಾರು ಕುದಿಯುತ್ತಿರುತ್ತದೆ. ಆ ಊಟಕ್ಕೆ ರೇಟ್ ಕಡಿಮೆ. ಮೊದಲು ಗೊಣಗಿದ ಕೆಲವರು ಈಗ ಅದಕ್ಕೇ ಬರುತ್ತಾರೆ.

ಮೇಷ್ಟ್ರು ಹೇಳಿದ ಈರುಳ್ಳಿಗೆ ನಮ್ಮಲ್ಲಿ ಬೇರೆ ಮಣೆ, ಬೇರೆ ಚೂರಿ ಇದೆ. ಮೀನಿನ ಮಣೆ ಹಿತ್ತಲ ಕಡೆಯಿಂದ ಒಳಗೆ ಬರುವುದೇ ಇಲ್ಲ. ಸೋಲ್‌ಕಡಿಯ ಬಗ್ಗೆ ಶಿರಸಿಯ ಭಟ್ರು ಹೇಳಿದ್ದು ಪೂರ್ತಿ ಸರಿ. ಅದನ್ನು ಸ್ವಲ್ಪ ಸ್ವಲ್ಪ ಮಾಡಿ ಫ್ರಿಜ್ಜಿನಲ್ಲಿ ಇಡುತ್ತೇವೆ.

ಬೈತಖೋಲದ ತಂಗಿ, ನಿನ್ನ ಅಮ್ಮನಿಗೆ ಒಂದು ಮಾತು ಹೇಳು. ಮೀನಿನ ಮೇಲೂ ಕೆಳಗೂ ಐಸ್ ಹಾಕಿಯೇ ಕೊಡಲಿ. ಐಸ್ ಹಾಕಿದ್ದಕ್ಕೆ ನಾವು ರೇಟಿನಲ್ಲಿ ಚೌಕಾಸಿ ಮಾಡುವುದಿಲ್ಲ. ಮುಚ್ಚಳ ಇರುವ ನಮ್ಮದೇ ಪೆಟ್ಟಿಗೆ ತರುತ್ತೇವೆ. ಇನ್ನೆರಡು ಖಾನಾವಳಿಯವರ ಹತ್ತಿರವೂ ಮಾತಾಡಿದ್ದೇನೆ, ಅವರೂ ಒಪ್ಪಿದ್ದಾರೆ.

ಬೈತಖೋಲ

ಅಮ್ಮನಿಗೆ ಓದಿ ಹೇಳಿದೆ ಅಕ್ಕಾ. ಪೆಟ್ಟಿಗೆ ಬೆಳಿಗ್ಗೆ ಆರೂವರೆಯೊಳಗೆ ತರಬೇಕಂತೆ. ಹರಾಜು ಮುಗಿದ ಮೇಲೆ ಕಾಯುವುದು ಬೇಡ ಅಂದಳು. ಭಾನುವಾರ ಮಾತ್ರ ಸಂತೆಯ ಗಡಿಬಿಡಿ. ಅವತ್ತಿಗೆ ಶನಿವಾರವೇ ಹೇಳಿಬಿಡಿ.

ಹೆದ್ದಾರಿ 66, ಅಂಕೋಲಾ

ಕೊನೆಗೆ ಒಂದು ಪ್ರಶ್ನೆ, ಮೇಷ್ಟ್ರಿಗೆ. ಯಾವುದೋ ಹೋಟೆಲಿನಲ್ಲಿ ಮೀನು ತಿಂದು ಮೈ ಕೆಂಪಾಯಿತು ಅಂದುಕೊಳ್ಳಿ. ಆಗ ಏನು ಮಾಡಬೇಕು?

ಲ್ಯಾಬ್ ಮೇಷ್ಟ್ರು, ಕುಮಟಾ

ಮೊದಲು ಡಾಕ್ಟರ್ ಹತ್ತಿರ ಹೋಗಿ. ಉಸಿರು ಕಟ್ಟಿದ ಹಾಗಾದರೆ, ಗಂಟಲು ಊದಿದರೆ ಒಂದು ನಿಮಿಷವೂ ಕಾಯಬೇಡಿ. ಯಾವ ಮೀನು ತಿಂದಿರಿ, ಎಷ್ಟು ಗಂಟೆಗೆ ತಿಂದಿರಿ, ಎಷ್ಟು ಹೊತ್ತಿಗೆ ಶುರುವಾಯಿತು, ಜೊತೆಗೆ ತಿಂದ ಬೇರೆ ಯಾರಿಗಾದರೂ ಆಯಿತಾ ಇವಿಷ್ಟು ಹೇಳಿ. ಜೊತೆಗಿದ್ದವರಿಗೂ ಆಗಿದ್ದರೆ ಅಲರ್ಜಿಗಿಂತ ಹಿಸ್ಟಮಿನ್ ಇರುವ ಸಾಧ್ಯತೆ ಜಾಸ್ತಿ. ಉಳಿದ ಮೀನು ಇದ್ದರೆ ಎಸೆಯಬೇಡಿ, ಕಟ್ಟಿ ಫ್ರೀಜರಿನಲ್ಲಿ ಇಡಿ.

ಆಮೇಲೆ ಹೋಟೆಲಿನವರಿಗೆ ಅವತ್ತೇ ತಿಳಿಸಿ. ಜಗಳಕ್ಕಲ್ಲ, ಆ ಪೆಟ್ಟಿಗೆಯ ಉಳಿದ ಮೀನು ಇನ್ನೊಬ್ಬರ ಎಲೆಗೆ ಹೋಗದಿರಲಿ ಅಂತ. ಕಿವಿಗೆ ಹಾಕಿಕೊಳ್ಳದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಬಿಲ್ ಇಟ್ಟುಕೊಳ್ಳಿ, ಅದರ ಮೇಲೋ ಬೋರ್ಡಿನ ಮೇಲೋ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತದೆ, ಅದನ್ನೂ ಬರೆಯಿರಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆ ಮಾಡಿಸಬಹುದು. ಈ ಹಕ್ಕು ಇದೆ ಅಂತ ನಿಮ್ಮ ಜೊತೆ ಊಟ ಮಾಡುವವರಿಗೂ ಹೇಳಿ.